ಶಿಕಾಗೊದ ಬ್ರಾಂಜ್‌ವಿಲ್: 35ನೇ ಬೀದಿ ಸುತ್ತ ಇಷ್ಟೊಂದು ಖಾಲಿ ಜಾಗ ಯಾಕೆ?

ನಕ್ಷೆಗಿರಾಕಿ
ಶಿಕಾಗೊದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಹೊರಟ ನಮ್ಮ ಹುಡುಗರಿಗೆ ಸೀನಿಯರ್‌ಗಳು ಕೊಡುವ ಬುದ್ಧಿವಾದ ಒಂದೇ: "ಕ್ಯಾಂಪಸ್ ಬಿಟ್ಟು ದಕ್ಷಿಣಕ್ಕೆ ಸುಮ್ನೆ ಅಲೆದಾಡಬೇಡ." ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಆ ಕಡೆಯದೇ ಬ್ರಾಂಜ್‌ವಿಲ್, ಕಪ್ಪು ಜನರ ಹಳೇ ಬಡಾವಣೆ. ಉಪಗ್ರಹ ನಕ್ಷೆ ತೆಗೆದು ಸ್ಟೇಟ್ ಬೀದಿ ಹಿಡಿದು ಕೆಳಗೆ ಬನ್ನಿ. 39ರಿಂದ 54ನೇ ಬೀದಿವರೆಗೆ ಎರಡು ಮೈಲಿ ಹುಲ್ಲು, ನಡುನಡುವೆ ಒಂದಿಷ್ಟು ಹೊಸ ಮನೆ. ಡೌನ್‌ಟೌನ್ ಹತ್ತಿರ, ಸರೋವರ ಹತ್ತಿರ, ರೈಲು ಪಕ್ಕದಲ್ಲೇ. ಇಂಥ ಕಡೆ ನೆಲ ಖಾಲಿ ಬೀಳೋದು ಹೇಗೆ? 1919ರ ಬಿಳಿ-ಕಪ್ಪು ಗಲಭೆಯಲ್ಲಿ ಸುಟ್ಟುಹೋಯ್ತು ಅಂತ ಕೆಲವರು, ಅಲ್ಲಿದ್ದವರೇ ಹಾಳುಮಾಡಿಕೊಂಡರು ಅಂತ ಇನ್ನು ಕೆಲವರು. ಎರಡೂ ನಂಬೋ ಹಾಗಿಲ್ಲ. ತಿಳಿದವರು ಇಸವಿ, ಲೆಕ್ಕ ಸಮೇತ ಬರೆಯಿರಿ.

ಹಳೇಪೇಪರ್
ಮೊದಲು ಆ ಸುಟ್ಟುಹೋದ ಮಾತು ಬಿಡಿ. ಅದು 1921ರಲ್ಲಿ ಕಪ್ಪು ಜನರ ಬಡಾವಣೆ ಸುಟ್ಟ ಟಲ್ಸಾ ಊರಿನ ಕತೆ, ಎರಡನ್ನೂ ಕಲಸಿ ಹೇಳ್ತಾರೆ. ಶಿಕಾಗೊದಲ್ಲಿ ಆದದ್ದು ಇದು: 1919ರ ಜುಲೈ 27, 29ನೇ ಬೀದಿಯ ಸರೋವರದ ದಡ. ನೀರಿನಲ್ಲಿದ್ದ ಯೂಜೀನ್ ವಿಲಿಯಮ್ಸ್ ಅನ್ನೋ 17ರ ಕಪ್ಪು ಹುಡುಗನ ಕಡೆಗೆ ಬಿಳಿಯನೊಬ್ಬ ಕಲ್ಲು ಬೀರಿದ, ಹುಡುಗ ಮುಳುಗಿ ಸತ್ತ. ಕಲ್ಲು ಬೀರಿದವನನ್ನು ಹಿಡಿಯಲು ಅಲ್ಲಿದ್ದ ಪೊಲೀಸ್ ಒಪ್ಪಲಿಲ್ಲ. ಅಲ್ಲಿಂದ ಹತ್ತಿಕೊಂಡ ಗಲಭೆಯಲ್ಲಿ ಸತ್ತವರು 38, ಅವರಲ್ಲಿ 23 ಕಪ್ಪು ಜನ, 15 ಬಿಳಿಯರು. ಗಾಯಾಳುಗಳು 537.

ಆದರೆ ಬ್ರಾಂಜ್‌ವಿಲ್ ಬೆಳೆದದ್ದೇ ಅದಾದ ಮೇಲೆ. ಓವರ್ಟನ್ ಕಟ್ಟಡ 1923ಕ್ಕೆ ಮುಗಿಯಿತು, ಸವಾಯ್ ಬಾಲ್‌ರೂಮ್ 1927, ರೀಗಲ್ ಥಿಯೇಟರ್ 1928. ಸುಟ್ಟು ಬೂದಿಯಾದ ಕಡೆ ಇವೆಲ್ಲ ಏಳ್ತವಾ?

ಗಲಭೆಗಿಂತ ಹೆಚ್ಚು ಹೇಳಬೇಕಾದ್ದು ಬಾಂಬುಗಳ ವಿಷಯ. 1917ರ ಜುಲೈನಿಂದ 1921ರ ಮಾರ್ಚ್‌ವರೆಗೆ 58 ಬಾಂಬ್ ಬಿದ್ದಿವೆ. ಬಿಳಿಯರ ಬೀದಿಯಲ್ಲಿ ಮನೆ ಕೊಂಡ ಕಪ್ಪು ಸಂಸಾರಗಳ ಮೇಲೆ, ಅವರಿಗೆ ಮನೆ ಕೊಡಿಸಿದ ದಲ್ಲಾಳಿಗಳ ಮೇಲೆ. ಬ್ಯಾಂಕರ್ ಜೆಸ್ಸಿ ಬಿಂಗಾ ಮನೆಗೆ ಒಂದಲ್ಲ, ಹಲವು ಸಲ. ಊರನ್ನು ಸುಡೋದು ಅದರ ಉದ್ದೇಶ ಅಲ್ಲ, ಗೆರೆ ದಾಟಬೇಡಿ ಅಂತ ಹೇಳೋದು.

ಬಾಡಿಗೆಲೆಕ್ಕ
ಆ ಗೆರೆಯೇ ಮುಖ್ಯ. ಜನಗಣತಿ ನೋಡಿ, ಇಡೀ ಶಿಕಾಗೊದ ಕಪ್ಪು ಜನಸಂಖ್ಯೆ: 1910ರಲ್ಲಿ 44,103. 1920ರಲ್ಲಿ 1,09,458. 1930ರಲ್ಲಿ 2,33,903. 1940ರಲ್ಲಿ 2,77,731. 1950ರಲ್ಲಿ 4,92,265. ಮಿಸಿಸಿಪ್ಪಿ ಕಡೆಯಿಂದ ಇಲಿನಾಯ್ ಸೆಂಟ್ರಲ್ ರೈಲು ನೇರ 12ನೇ ಬೀದಿ ನಿಲ್ದಾಣಕ್ಕೆ ತಂದು ಇಳಿಸ್ತಿತ್ತು. ರಾಬರ್ಟ್ ಅಬಟ್ 1905ರಲ್ಲಿ ಶುರುಮಾಡಿದ 'ಡಿಫೆಂಡರ್' ಪತ್ರಿಕೆಯನ್ನು ಪುಲ್‌ಮನ್ ರೈಲಿನ ಪೋರ್ಟರ್‌ಗಳು ದಕ್ಷಿಣದ ರಾಜ್ಯಗಳ ಊರೂರಿಗೆ ಮುಟ್ಟಿಸ್ತಿದ್ದರು, ಅದನ್ನು ಓದಿಯೇ ಎಷ್ಟೋ ಜನ ಹೊರಟು ಬಂದರು. ಜನ ಮೂವತ್ತು ವರ್ಷದಲ್ಲಿ ಆರು ಪಟ್ಟಿಗೂ ಮಿಗಿಲಾದರು, ಅವರಿಗೆ ಬಿಟ್ಟ ನೆಲ ಆ ಲೆಕ್ಕದಲ್ಲಿ ಹಿಗ್ಗಲಿಲ್ಲ. ಸ್ಟೇಟ್ ಬೀದಿಯ ಆಚೀಚೆ ಒಂದು ಉದ್ದನೆಯ ಪಟ್ಟಿ, ಅಷ್ಟೇ.

ಅಲ್ಲಿ ಹುಟ್ಟಿದ್ದು ಕಿಚನೆಟ್. ಏಳು ಕೋಣೆಯ ಒಂದು ಫ್ಲ್ಯಾಟ್ ತಗೊಳ್ಳಿ. ಬಿಳಿಯರಿಗೆ ತಿಂಗಳಿಗೆ 50 ಡಾಲರ್ ಬಾಡಿಗೆ. ಮಾಲೀಕ ಅದನ್ನು ಏಳು ತುಂಡು ಮಾಡ್ತಾನೆ. ಕೋಣೆಗೊಂದು ಸಣ್ಣ ಗ್ಯಾಸ್ ಒಲೆ, ಒಂದು ಸಣ್ಣ ಸಿಂಕ್. ಒಂದೊಂದಕ್ಕೂ ವಾರಕ್ಕೆ 6 ಡಾಲರ್. ವಾರಕ್ಕೆ 42 ಆಯ್ತು, ತಿಂಗಳಿಗೆ ಹಾಕಿದರೆ 180 ದಾಟುತ್ತೆ. ಇದು ಲೇಖಕ ರಿಚರ್ಡ್ ರೈಟ್ 1941ರಲ್ಲಿ ಕೊಟ್ಟ ಲೆಕ್ಕ. ಒಂದು ಸಂಸಾರಕ್ಕೆ ಅಂತ ಹಾಕಿದ ಕಕ್ಕಸು, ಮೋರಿ ಪೈಪು, ವೈರಿಂಗು ಏಳು ಸಂಸಾರ ಹೊರಬೇಕು. ಪೈಪು ಕಟ್ಟಿಕೊಳ್ಳುತ್ತೆ, ಫ್ಯೂಸು ಹೋಗುತ್ತೆ, ಮರದ ಪಾರ್ಟಿಷನ್‌ಗೆ ಬೆಂಕಿ ಬೇಗ ಹತ್ತುತ್ತೆ. ರಿಪೇರಿ ಮಾಡಿಸದಿದ್ದರೂ ಬಾಡಿಗೆಗೆ ಜನ ಸಾಲು ನಿಂತಿರ್ತಾರೆ, ಬೇರೆ ಕಡೆ ಹೋಗೋಕೆ ಅವರಿಗೆ ದಾರಿಯೇ ಇಲ್ಲವಲ್ಲ. ಹೀಗೆ ಹಿಂಡಿ ಹಿಪ್ಪೆ ಮಾಡಿದ ಕಟ್ಟಡಗಳನ್ನೇ ಆಮೇಲೆ 'ಸ್ಲಮ್' ಅಂತ ಗುರುತು ಹಾಕಿ ಕೆಡವಿದ್ದು. ಅಲ್ಲಿದ್ದವರೇ ಹಾಳುಮಾಡಿಕೊಂಡರು ಅನ್ನೋರಿಗೆ ಈ 42 ಡಾಲರ್ ತೋರಿಸಿ.

ಮುಂಗಾರುಮಳೆ_ಅಲ್ಲ
ಗೆರೆ ಗೆರೆ ಅಂತೀರಿ, ಬಣ್ಣಭೇದದ ಕಾನೂನು ಇದ್ದದ್ದು ದಕ್ಷಿಣದಲ್ಲಿ, ಇದು ಉತ್ತರದ ರಾಜ್ಯ ಅಲ್ವಾ? ಕಾನೂನಲ್ಲೇ ಬರೆದಿದ್ರಾ?

ಕಾಯಿದೆಕಟ್ಟೆ
ಸರ್ಕಾರದ ಕಾನೂನಲ್ಲಿ ಇರಲಿಲ್ಲ, ಸೈಟಿನ ಕಾಗದದಲ್ಲಿತ್ತು. ನಗರಗಳು ಬಣ್ಣ ನೋಡಿ ಬೀದಿ ಹಂಚುವ ನಿಯಮ ಮಾಡಬಾರದು ಅಂತ 1917ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ನಾವೇ ಕರಾರು ಮಾಡಿಕೊಳ್ತೀವಿ ಅಂತ ಮಾಲೀಕರು ಹೊರಟರು. 1927ರಲ್ಲಿ ಶಿಕಾಗೊ ರಿಯಲ್ ಎಸ್ಟೇಟ್ ಬೋರ್ಡ್ ಒಂದು ಮಾದರಿ ಕರಾರನ್ನೇ ಸಿದ್ಧಮಾಡಿತು. ಕೆಲಸ ಮಾಡುವ ರೀತಿ ಹೀಗೆ: ಒಂದು ಬಡಾವಣೆಯ ಮಾಲೀಕರೆಲ್ಲ 'ಕಪ್ಪು ಜನರಿಗೆ ಮಾರಲ್ಲ, ಬಾಡಿಗೆಗೂ ಕೊಡಲ್ಲ' ಅಂತ ಸಹಿ ಹಾಕೋದು. ರಸ್ತೆಗೆ ಮುಖಮಾಡಿದ ಅಳತೆಯಲ್ಲಿ ಶೇ. 95ರಷ್ಟು ಅಥವಾ ಕರಾರಲ್ಲಿ ಹೇಳಿದ ಪ್ರಮಾಣದ ಸಹಿ ಬಿದ್ದರೆ ಅದು ಜಾರಿಗೆ. ನೋಂದಣಿ ಕಚೇರಿಯಲ್ಲಿ ದಾಖಲಾದರೆ ಮುಂದೆ ಆ ಸೈಟು ಯಾರೇ ಕೊಂಡರೂ ಅಂಟಿಕೊಂಡೇ ಬರುತ್ತೆ. ಒಬ್ಬ ಮುರಿದರೆ ಪಕ್ಕದವನು ಕೋರ್ಟಿಗೆ ಹೋಗಬಹುದು. ಮನೆಕೆಲಸದವರು, ಡ್ರೈವರ್ ಅಲ್ಲೇ ಉಳಿಯಬಹುದು ಅನ್ನೋ ವಿನಾಯಿತಿ ಬೇರೆ.

1937ರಲ್ಲಿ ಕಪ್ಪು ಉದ್ಯಮಿ ಕಾರ್ಲ್ ಹ್ಯಾನ್ಸ್‌ಬೆರಿ 6140 ಸೌತ್ ರೋಡ್ಸ್ ಅವೆನ್ಯೂದಲ್ಲಿ ಮನೆ ಕೊಂಡಾಗ ಸಿಕ್ಕಿಬಿದ್ದದ್ದು ಇಂಥದ್ದೇ ಕರಾರು. ಸಾಲ ಕೊಟ್ಟದ್ದು ಬ್ರಾಂಜ್‌ವಿಲ್‌ದೇ ಸುಪ್ರೀಮ್ ಲಿಬರ್ಟಿ ಲೈಫ್ ವಿಮಾ ಕಂಪನಿ, ಬಿಳಿಯರ ಬ್ಯಾಂಕು ಕೊಡ್ತಿರಲಿಲ್ಲ. ಆ ಬಡಾವಣೆಯಲ್ಲಿ ಬೇಕಾಗಿದ್ದ ಸಹಿ ಶೇ. 95, ಬಿದ್ದದ್ದು ಸುಮಾರು ಶೇ. 54!

ಮುಂಗಾರುಮಳೆ_ಅಲ್ಲ
54 ಇದ್ದೂ ಕೋರ್ಟು ಒಪ್ಪಿತಾ?

ಕಾಯಿದೆಕಟ್ಟೆ
ರಾಜ್ಯದ ಕೋರ್ಟುಗಳು ಒಪ್ಪಿದವು. ಹೇಗೆ ಅಂದರೆ, ಅದಕ್ಕೂ ಮುಂಚೆ ಅದೇ ಬಡಾವಣೆಯ ಇನ್ನೊಂದು ಕೇಸಿನಲ್ಲಿ ಎರಡೂ ಕಡೆಯವರು ಶೇ. 95 ಸಹಿ ಆಗಿದೆ ಅಂತ ತಾವೇ ಒಪ್ಪಿಕೊಂಡುಬಿಟ್ಟಿದ್ದರು, ಯಾರೂ ಎಣಿಸಿರಲಿಲ್ಲ. ಆ ತೀರ್ಪು ಎಲ್ಲರಿಗೂ ಅನ್ವಯ ಅಂದರು. 1940ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಹಳೇ ಕೇಸಿನಲ್ಲಿ ಇಲ್ಲದವರನ್ನು ಆ ತೀರ್ಪಿಗೆ ಕಟ್ಟಿಹಾಕುವಂತಿಲ್ಲ. ಗಮನಿಸಿ, ಕರಾರೇ ತಪ್ಪು ಅಂತ ಅನ್ನಲಿಲ್ಲ. ಇಂಥ ಕರಾರನ್ನು ಕೋರ್ಟುಗಳು ಜಾರಿಮಾಡಬಾರದು ಅಂತ ಬಂದದ್ದು 1948ರ ಮೇ 3ರಂದು, ಶೆಲ್ಲಿ ಪ್ರಕರಣದಲ್ಲಿ. ಬಹಳ ಕಡೆ ಈ ಎರಡನ್ನೂ ಒಂದೇ ಅಂತ ಬರೀತಾರೆ, ಅಲ್ಲ.

ಕೇರಿಮನೆ
ಇದೆಲ್ಲ ಓದ್ತಿದ್ರೆ ನಮ್ಮೂರ ಕೇರಿಗಳೇ ಕಣ್ಮುಂದೆ ಬರ್ತವೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ 'ಯಾವ ಜನ?' ಅಂತ ಕೇಳೋದಕ್ಕೆ ಸಹಿ ಕಾಗದ ಯಾವುದೂ ಬೇಡ. ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು, ಪಕ್ಕದಲ್ಲೇ ಕಪ್ಪು ಜನರ ಹಾರ್ಲೆಮ್. 1946ರಲ್ಲಿ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರವನ್ನೂ ಬರೆದಿದ್ದರು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಮನವಿಯ ಪ್ರತಿ ಕೇಳಿ. ಈ ಎರಡು ಕತೆಗಳನ್ನು ಒಟ್ಟಿಗೆ ಓದಬೇಕು.

ಕಾಯಿದೆಕಟ್ಟೆ
ಓದಬೇಕು, ಆದರೆ ಒಂದೇ ಅಂತ ಅಲ್ಲ. ಕೇರಿ ಸಾವಿರಾರು ವರ್ಷದ ರೂಢಿ. ಶಿಕಾಗೊದ ಗೆರೆ ಒಂದೆರಡು ತಲೆಮಾರಿನಲ್ಲಿ ವಕೀಲರು, ದಲ್ಲಾಳಿಗಳು ಕೂತು ಬರೆದದ್ದು. ಅದಕ್ಕೇ ಅದರ ಪ್ರತಿ ಸಾಲಿಗೂ ದಾಖಲೆ ಸಿಗುತ್ತೆ.

ಕೇರಿಮನೆ
ದಾಖಲೆ ಇಲ್ಲ ಅಂದಮಾತ್ರಕ್ಕೆ ಇಲ್ಲಿಯದು ಹಗುರ ಆಗಲ್ಲ ಸ್ವಾಮಿ. ಅಷ್ಟೇ ನಾನು ಹೇಳೋದು.

ಮೇಲ್ವಿಚಾರಕ
ಇಬ್ಬರೂ ಬೇರೆ ಎಳೆ ತೆರೆಯಿರಿ, ಚೆನ್ನಾಗಿರುತ್ತೆ. ಇಲ್ಲಿ ಬ್ರಾಂಜ್‌ವಿಲ್.

ಸ್ಯಾಕ್ಸ್‌ಸುಬ್ಬು
ಬರೀ ಸಂಕಟದ್ದೇ ಹೇಳ್ತಿದ್ದೀರಿ. ಅದೇ ಪಟ್ಟಿಯೊಳಗೆ ಏನೆಲ್ಲ ಇತ್ತು ನೋಡಿ. 1891ರಲ್ಲಿ ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ 12 ಹಾಸಿಗೆಯ ಪ್ರಾವಿಡೆಂಟ್ ಆಸ್ಪತ್ರೆ ತೆರೆದರು, ಕಪ್ಪು ಹುಡುಗಿಯರಿಗೆ ನರ್ಸಿಂಗ್ ಕಲಿಯಲು ಶಿಕಾಗೊದಲ್ಲಿ ಬೇರೆಲ್ಲೂ ಸೀಟು ಕೊಡದ ಕಾಲದಲ್ಲಿ. 1893ರಲ್ಲಿ ಚಾಕು ಇರಿತಕ್ಕೆ ಒಳಗಾದವನ ಎದೆ ತೆರೆದು ಹೃದಯದ ಹೊರಪೊರೆಗೆ ಹೊಲಿಗೆ ಹಾಕಿದ್ದು ಅಲ್ಲೇ, ರೋಗಿ ಬದುಕಿದ. 1915ರಲ್ಲಿ ಕಾರ್ಟರ್ ವುಡ್‌ಸನ್ ಕಪ್ಪು ಜನರ ಇತಿಹಾಸ ಸಂಘ ಹುಟ್ಟುಹಾಕಿದ್ದು ವಾಬಾಷ್ ಅವೆನ್ಯೂದ ವೈಎಂಸಿಎಯಲ್ಲಿ, ಆ ಕಟ್ಟಡ ಇವತ್ತಿಗೂ ನಿಂತಿದೆ. 1922ರ ಆಗಸ್ಟ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂ ಆರ್ಲಿಯನ್ಸ್‌ನಿಂದ ಬಂದು ಕಿಂಗ್ ಆಲಿವರ್ ಬ್ಯಾಂಡ್ ಸೇರಿದ್ದು ಲಿಂಕನ್ ಗಾರ್ಡನ್ಸ್‌ನಲ್ಲಿ. 1932ರಿಂದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಥಾಮಸ್ ಡಾರ್ಸಿ ಗಾಸ್ಪೆಲ್ ಸಂಗೀತಕ್ಕೆ ಒಂದು ರೂಪ ಕೊಟ್ಟರು. ಡುಸಾಬಲ್ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು ಕ್ಯಾಪ್ಟನ್ ವಾಲ್ಟರ್ ಡಯಟ್ ತಯಾರು ಮಾಡಿದ ಸಂಗೀತಗಾರರ ಪಟ್ಟಿ ಬರೆಯೋಕೆ ಇನ್ನೊಂದು ಎಳೆ ಬೇಕು. 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಬರಹಗಾರ್ತಿ ಗ್ವೆಂಡಲಿನ್ ಬ್ರೂಕ್ಸ್ ಇದೇ ಬೀದಿಗಳ ಕವಿ.

ಬಾಡಿಗೆಲೆಕ್ಕ
ದುಡ್ಡು ಎಲ್ಲಿಂದ ಬಂತು ಅನ್ನೋದನ್ನೂ ಹೇಳಿ. ಬಿಂಗಾ ಬ್ಯಾಂಕ್ 1908ರಲ್ಲಿ ತೆರೆದದ್ದು, 1930ರ ಜುಲೈ 31ಕ್ಕೆ ಬಾಗಿಲು ಹಾಕಿತು. ಜನರ ಉಳಿತಾಯ ಮುಳುಗಿತು. ಆಮೇಲೆ ಕೈಯಲ್ಲಿ ನಗದು ಇದ್ದದ್ದು 'ಪಾಲಿಸಿ' ನಡೆಸುವವರ ಹತ್ತಿರ. ನಂಬರ್ ಜೂಜು. 1ರಿಂದ 78ರವರೆಗಿನ ನಂಬರಿನಲ್ಲಿ 12 ಎತ್ತುತ್ತಾರೆ, ನೀವು ಆರಿಸಿದ ಮೂರೂ ಅದರಲ್ಲಿ ಬಂದರೆ 'ಗಿಗ್' ಹೊಡೆದಂತೆ. ಸಾಧ್ಯತೆ ಲೆಕ್ಕ ಹಾಕಿ: 76,076 ಜೋಡಣೆಗಳಲ್ಲಿ 220, ಅಂದರೆ ಸುಮಾರು 346ಕ್ಕೆ ಒಂದು. ಕೊಡುವ ಹಣ ಅದಕ್ಕಿಂತ ಬಹಳ ಕಡಿಮೆ, ಉಳಿದದ್ದು ಜೂಜು ನಡೆಸುವವನಿಗೆ.

ಹಳೇಪೇಪರ್
ಆ ದುಡ್ಡೇ 47ನೇ ಬೀದಿಯ ಅಂಗಡಿಗಳಿಗೂ ಹೋಯ್ತು, ಜೋನ್ಸ್ ಸಹೋದರರ ಬೆನ್ ಫ್ರಾಂಕ್ಲಿನ್ ಅಂಗಡಿ ಅಂಥದ್ದೇ. 1946ರಲ್ಲಿ ಎಡ್ ಜೋನ್ಸ್ ಅಪಹರಣ, ಒಂದು ಲಕ್ಷ ಡಾಲರ್ ಕೊಟ್ಟು ಬಿಡಿಸಿದರು. 1952ರಲ್ಲಿ ಪಾಲಿಸಿ ನಡೆಸುತ್ತಿದ್ದ ಟೆಡ್ ರೋ ಕೊಲೆ. ವ್ಯವಹಾರ ಇಟಾಲಿಯನ್ ಮಾಫಿಯಾ ಕೈಗೆ ಹೋಯ್ತು, ದುಡ್ಡು ಬೀದಿ ಬಿಟ್ಟು ಆಚೆ ಹರೀತು.

ಬಿಎಚ್‌ಕೆ_ಬಸವ
ಕಾಂಟ್ರ್ಯಾಕ್ಟ್ ಮಾರಾಟ ಯಾರೂ ಹೇಳ್ತಿಲ್ವಲ್ಲ? ಅದೇ ಈ ಖಾಲಿ ನೆಲಕ್ಕೆ ಕಾರಣ. ದಲ್ಲಾಳಿ ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಳ್ಳೋದು, ಕಪ್ಪು ಸಂಸಾರಕ್ಕೆ ದುಪ್ಪಟ್ಟಿಗೆ ಕಂತಿನ ಮೇಲೆ ಮಾರೋದು. ಕೊನೇ ಕಂತು ಕಟ್ಟೋವರೆಗೂ ಕ್ರಯಪತ್ರ ಮಾರಿದವನ ಹೆಸರಲ್ಲೇ. ರಿಪೇರಿ, ತೆರಿಗೆ, ವಿಮೆ ಎಲ್ಲ ಕೊಂಡವನ ತಲೆಗೆ. ಒಂದು ಕಂತು ತಪ್ಪಿದರೂ ಮನೆ ವಾಪಸ್, ಕಟ್ಟಿದ್ದಕ್ಕೆ ಬಿಡಿಗಾಸೂ ಇಲ್ಲ. ಅದೇ ಮನೆ ಮತ್ತೊಬ್ಬನಿಗೆ ಮಾರ್ತಾರೆ.

ಬಾಡಿಗೆಲೆಕ್ಕ
ವಿವರ ಸರಿ, ಜಾಗ ಬೇರೆ ಬಸವ. ಕಾಂಟ್ರ್ಯಾಕ್ಟ್ ಕೊಳ್ಳುವವರ ಲೀಗ್ 1968ರಲ್ಲಿ ಎದ್ದದ್ದು ಪಶ್ಚಿಮದ ಲಾಂಡೇಲ್‌ನಲ್ಲಿ. ಕಾಂಟ್ರ್ಯಾಕ್ಟ್ ಅನ್ನೋದು ಗೆರೆ ಸಡಿಲವಾಗಿ ಬಿಳಿಯರ ಬಡಾವಣೆಗಳು ಕೈಬದಲಾದ ಕಡೆಯ ಕತೆ. ಹಳೇ ಬ್ರಾಂಜ್‌ವಿಲ್‌ನಲ್ಲಿ ಬಹುಪಾಲು ಬಾಡಿಗೆದಾರರು. 1948ರ ಮೇಲೆ ಕೈಯಲ್ಲಿ ಕಾಸಿದ್ದವರು ಪಾರ್ಕ್ ಮ್ಯಾನರ್, ಚ್ಯಾಥಮ್ ಅಂತ ದಕ್ಷಿಣಕ್ಕೆ ಸರಿದರು. ಉಳಿದವರ ಮನೆಗಳ ಮೇಲೆ ಬಂದದ್ದು ಕಂತಲ್ಲ, ಬುಲ್ಡೋಜರ್.

ಕಂಬಕಮಾನು
ಬುಲ್ಡೋಜರ್ ಮೊದಲು ಹೊರಟದ್ದು ನಮ್ಮ ಹುಡುಗರು ಓದುವ ಆ ಕ್ಯಾಂಪಸ್ಸಿನಿಂದಲೇ, ಇದನ್ನು ಯಾರೂ ಅವರಿಗೆ ಹೇಳಲ್ಲ. 34ನೇ ಬೀದಿ ಮತ್ತು ಸ್ಟೇಟ್ ಮೂಲೆಯಲ್ಲಿ ಮೆಕ್ಕಾ ಫ್ಲ್ಯಾಟ್ಸ್ ಅಂತಿತ್ತು. 1892ರ ಕಟ್ಟಡ, ಒಳಗೆ ಗಾಜಿನ ಚಾವಣಿಯ ಎರಡು ದೊಡ್ಡ ಅಂಗಳ, ಸುತ್ತ ಕಬ್ಬಿಣದ ಕಟಾಂಜನದ ಮೊಗಸಾಲೆಗಳು, ಮೇಲಿಂದ ಬೆಳಕು ನೇರ ನೆಲಕ್ಕೆ. ನೂರಕ್ಕೆ ಹತ್ತಿರ ಫ್ಲ್ಯಾಟುಗಳು, ಕೊನೆಗೆ ಅದರಲ್ಲಿ ನೂರಾರು ಜನ. ಇಲಿನಾಯ್ ಇನ್‌ಸ್ಟಿಟ್ಯೂಟ್ ಸಂಸ್ಥೆ ಅದನ್ನು ಕೊಂಡದ್ದೇ ಕೆಡವಲು. ಬಾಡಿಗೆದಾರರು ಬಿಡಲಿಲ್ಲ. ರಾಜ್ಯ ಸೆನೆಟರ್ ಕ್ರಿಸ್ಟೋಫರ್ ವಿಂಬಿಷ್ 1943ರಲ್ಲಿ ಅದನ್ನು ಉಳಿಸುವ ಮಸೂದೆಯನ್ನೇ ಪಾಸು ಮಾಡಿಸಿದರು, ಗವರ್ನರ್ ವೀಟೋ ಮಾಡಿದ. ಆದರೂ ಜನ ಸುಮಾರು ಹತ್ತು ವರ್ಷ ತಡೆದು ನಿಂತರು. 1952ರ ಜನವರಿಯಲ್ಲಿ ಕೆಡವಿದರು. ಅದೇ ನೆಲದ ಮೇಲೆ ಮೀಸ್ ವಾನ್ ಡೆರ್ ರೋ ಅವರ ಕ್ರೌನ್ ಹಾಲ್, 1956. ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳೆಲ್ಲ ಬಂದು ಫೋಟೋ ತೆಗೆಯೋದು ಅದನ್ನೇ. 2018ರಲ್ಲಿ ಪಕ್ಕದಲ್ಲಿ ನೆಲ ಅಗೆದಾಗ ಮೆಕ್ಕಾದ ನೆಲಮಾಳಿಗೆಯ ಬಣ್ಣದ ಟೈಲ್ಸ್ ಹಾಗೇ ಸಿಕ್ಕವು.

ಸಂಸ್ಥೆಯೂ ಮೈಕಲ್ ರೀಸ್ ಆಸ್ಪತ್ರೆಯೂ ಸೇರಿ 1946ರಲ್ಲಿ ಸೌತ್ ಸೈಡ್ ಪ್ಲಾನಿಂಗ್ ಬೋರ್ಡ್ ಕಟ್ಟಿದ್ದವು. 1947ರಲ್ಲಿ ರಾಜ್ಯ ಕಾಯಿದೆ ಬಂತು: ನಗರ ನೆಲ ವಶಪಡಿಸಿಕೊಂಡು, ಕೆಡವಿ, ಖರ್ಚಿಗಿಂತ ಕಡಿಮೆ ಬೆಲೆಗೆ ಖಾಸಗಿಯವರಿಗೆ ಕೊಡಬಹುದು. ನ್ಯೂಯಾರ್ಕ್ ಲೈಫ್ ವಿಮಾ ಕಂಪನಿಯ ಲೇಕ್ ಮೆಡೋಸ್ ವಸತಿ ಬಂದದ್ದು ಹೀಗೆ, ಸುಮಾರು 100 ಎಕರೆ. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಹೊಸ ಬಾಡಿಗೆ ಕೈಗೆಟುಕಲಿಲ್ಲ.

ಆ ರೀಸ್ ಆಸ್ಪತ್ರೆಯ ನೆಲವನ್ನು ನಗರ 2009ರಲ್ಲಿ ಒಲಿಂಪಿಕ್ಸ್ ಗ್ರಾಮಕ್ಕೆ ಅಂತ ಕೊಂಡಿತು. ಅಕ್ಟೋಬರ್ 2ಕ್ಕೆ ಒಲಿಂಪಿಕ್ಸ್ ರಿಯೋಗೆ ಹೋಯ್ತು. ಕೆಡವುವುದು ಮಾತ್ರ ನಿಲ್ಲಲಿಲ್ಲ.

ಬಿಎಚ್‌ಕೆ_ಬಸವ
ಡ್ಯಾನ್ ರಯಾನ್ ಹೆದ್ದಾರಿ? ಮೇಯರ್ ಡೇಲಿ ತಾನಿದ್ದ ಬಿಳಿಯರ ಬಡಾವಣೆ ಬ್ರಿಜ್‌ಪೋರ್ಟ್ ಉಳಿಸೋಕೆ ಈ ಕಡೆ ತಿರುಗಿಸಿದ ಅಂತಾರಲ್ಲ.

ಕಂಬಕಮಾನು
ಹಳೇ ನಕ್ಷೆಯಿಂದ ಸರಿದದ್ದು ಹೌದು, ಕಾರಣದ ಬಗ್ಗೆ ಇತಿಹಾಸಕಾರರ ಜಗಳ ಮುಗಿದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಹೆದ್ದಾರಿ 1962ರ ಡಿಸೆಂಬರ್‌ನಲ್ಲಿ ತೆರೆಯಿತು, ಆದರೆ ವೆಂಟ್‌ವರ್ತ್ ಅವೆನ್ಯೂ ಅದಕ್ಕೂ ಎಷ್ಟೋ ಮುಂಚಿನಿಂದ ಬಿಳಿ-ಕಪ್ಪಿನ ಗಡಿ. ರಾಕ್ ಐಲ್ಯಾಂಡ್ ರೈಲಿನ ಏರಿಯೂ ಅಲ್ಲೇ ಇತ್ತು. ಹೆದ್ದಾರಿ ಆ ಗಡಿಗೆ ಕಾಂಕ್ರೀಟು ಹಾಕಿತು. ನಕ್ಷೆಗಿರಾಕಿ ಕೇಳಿದ ಹುಲ್ಲು ಇರೋದು ಹಳಿಯ ಪೂರ್ವಕ್ಕೆ, ಅದು ಹೆದ್ದಾರಿಯ ಕೆಲಸ ಅಲ್ಲ.

ನಕ್ಷೆಗಿರಾಕಿ
ಹಾಗಾದರೆ ಆ ಎರಡು ಮೈಲಿ?

ಲಿಫ್ಟ್‌ಕೀಲಿ
ರಾಬರ್ಟ್ ಟೇಲರ್ ಹೋಮ್ಸ್ ಅನ್ನೋ ಸರ್ಕಾರಿ ವಸತಿ. 16 ಮಹಡಿಯ 28 ಕಟ್ಟಡ, ಸುಮಾರು 4,400 ಮನೆ, 1962ಕ್ಕೆ ಸಿದ್ಧ. ಅದರ ಉತ್ತರಕ್ಕೆ 35ರಿಂದ 39ರವರೆಗೆ ಸ್ಟೇಟ್‌ವೇ ಗಾರ್ಡನ್ಸ್, 8 ಕಟ್ಟಡ. ಎಲ್ಲ ಒಂದೇ ಸಾಲು, ಎಲ್ಲ ಕಪ್ಪು ಜನರ ಪಟ್ಟಿಯೊಳಗೇ. ರಾಬರ್ಟ್ ಟೇಲರ್ ಅಂದರೆ ವಸತಿ ಪ್ರಾಧಿಕಾರದ ಮೊದಲ ಕಪ್ಪು ಅಧ್ಯಕ್ಷ. ಬಿಳಿಯರ ವಾರ್ಡುಗಳಲ್ಲೂ ಖಾಲಿ ನೆಲದ ಮೇಲೆ ಕಟ್ಟಿ ಅಂತ ಹೋರಾಡಿ, ನಗರಸಭೆ ಒಪ್ಪದಿದ್ದಾಗ 1950ರಲ್ಲಿ ರಾಜೀನಾಮೆ ಕೊಟ್ಟವರು. ಅವರು ಬೇಡ ಅಂದದ್ದನ್ನೇ ಕಟ್ಟಿ ಅವರ ಹೆಸರಿಟ್ಟರು. ಇದು ನನಗೆ ಇವತ್ತಿಗೂ ಸಹಿಸೋಕಾಗದ ಸಂಗತಿ.

ಗೋಪುರ ಕಟ್ಟಿದ್ದೇ ತಪ್ಪು ಅಂತ ಸುಲಭವಾಗಿ ಹೇಳ್ತಾರೆ. ಅದೇ ಎತ್ತರದ ಕಟ್ಟಡಗಳು ಲೇಕ್ ಮೆಡೋಸ್‌ನಲ್ಲಿ ಇವತ್ತಿಗೂ ಚೆನ್ನಾಗಿವೆ. ಎಡವಟ್ಟಾದದ್ದು ಮೂರು ಕಡೆ. ಒಂದು, ಮಕ್ಕಳ ಲೆಕ್ಕ. ದೊಡ್ಡ ಸಂಸಾರಗಳಿಗೆ ಅಂತ ಮೂರು, ನಾಲ್ಕು ಬೆಡ್‌ರೂಮಿನ ಮನೆಗಳೇ ಹೆಚ್ಚು. 27,000 ಜನರಲ್ಲಿ 20,000ದಷ್ಟು ಮಕ್ಕಳು, ಒಬ್ಬ ದೊಡ್ಡವರಿಗೆ ಹತ್ತಿರ ಹತ್ತಿರ ಮೂವರು. ಮಾಮೂಲಿ ಊರಲ್ಲಿ ಈ ಲೆಕ್ಕ ತಿರುವುಮುರುವು. ಅಷ್ಟು ಮಕ್ಕಳ ಮೇಲೆ ಕಣ್ಣಿಡೋಕೆ ದೊಡ್ಡವರು ಸಾಲಲ್ಲ. ಲಿಫ್ಟೇ ಆಟದ ಸಾಮಾನು ಆಯ್ತು. ಎರಡು, ಮೊಗಸಾಲೆಗಳು ಹೊರಗೆ ತೆರೆದಿದ್ದವು. ಚಳಿ, ಮಳೆ ನೇರ ಒಳಗೆ, ಲಿಫ್ಟಿನ ಯಂತ್ರ ಕೈಕೊಟ್ಟರೆ 16 ಮಹಡಿ ಮೆಟ್ಟಿಲೇ ಗತಿ. ಮೇಯರ್ ಕೂಡ ಕಡಿಮೆ ಎತ್ತರದ್ದು ಕೇಳಿದ್ದ, ವೆಚ್ಚದ ಮಿತಿ ಹೇಳಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮೂರು, 1969ರ ತಿದ್ದುಪಡಿ ಬಾಡಿಗೆಯನ್ನು ಆದಾಯದ ಶೇ. 25ಕ್ಕೆ ಕಟ್ಟಿತು. ಬಡವರಿಗೆ ಒಳ್ಳೆಯದೇ. ಆದರೆ ಆದಾಯ ಏರಿದ ಹಾಗೆ ಬಾಡಿಗೆಯೂ ಏರುವಾಗ ದುಡಿಯುವ ಸಂಸಾರ ಅಲ್ಲೇಕೆ ಉಳಿಯುತ್ತೆ? ಅವರು ಹೊರಟರು, ವಸೂಲಿ ಕುಸಿಯಿತು, ರಿಪೇರಿ ನಿಂತಿತು.

1999-2000ರ ಯೋಜನೆಯಲ್ಲಿ ಊರಿಡೀ ಸುಮಾರು 18,000 ಸರ್ಕಾರಿ ಮನೆ ಕೆಡವೋದು, 25,000 ಹೊಸದಾಗಿ ಕಟ್ಟೋದು ಅಥವಾ ದುರಸ್ತಿ ಮಾಡೋದು, ಹತ್ತು ವರ್ಷದಲ್ಲಿ ಅಂತ ಮಾತು ಕೊಟ್ಟರು. ಟೇಲರ್‌ನ ಕೊನೇ ಕಟ್ಟಡ ಬಿದ್ದದ್ದು 2007ರಲ್ಲಿ. ಕೆಡವಿದ ವೇಗದಲ್ಲಿ ಕಟ್ಟಲಿಲ್ಲ. ನೀವು ನಕ್ಷೆಯಲ್ಲಿ ನೋಡ್ತಿರೋ ಹುಲ್ಲು ಅದೇ. ಒಂದೇ ನೆಲದ ಮೇಲೆ ಎರಡು ಸಲ ಊರು ಕೆಡವಿದ್ದಾರೆ: 1950ರ ದಶಕದ ಕೊನೆಗೆ ಹಳೇ ಫೆಡರಲ್ ಬೀದಿಯ ಮನೆಗಳು, ಆಮೇಲೆ ಅವುಗಳ ಜಾಗಕ್ಕೆ ಬಂದ ಗೋಪುರಗಳು.

ಮುಂಗಾರುಮಳೆ_ಅಲ್ಲ
ಒಂದು ಖಾಲಿ ಸೈಟು ತೋರಿಸಿದರೆ ಅಲ್ಲೇನಿತ್ತು ಅಂತ ಪತ್ತೆಹಚ್ಚಬಹುದಾ?

ಕಾಯಿದೆಕಟ್ಟೆ
ಖಂಡಿತ. ಕುಕ್ ಕೌಂಟಿ ಅಸೆಸರ್ (ಆಸ್ತಿ ಬೆಲೆ ಕಟ್ಟುವ ಕಚೇರಿ) ನಕ್ಷೆಯಲ್ಲಿ ಸೈಟಿನ ಮೇಲೆ ಒತ್ತಿ 14 ಅಂಕಿಯ ಪಿನ್, ಅಂದರೆ ಆಸ್ತಿಯ ಗುರುತಿನ ಸಂಖ್ಯೆ ತಗೊಳ್ಳಿ, ಖಾಲಿ ಸೈಟಿಗೆ ವಿಳಾಸ ಇರದೇ ಇರಬಹುದು. ಪಿನ್‌ನಿಂದ ಸಬ್‌ಡಿವಿಷನ್, ಬ್ಲಾಕ್, ಲಾಟ್ ತಿಳಿಯಿರಿ. ಸೈಟುವಾರು ದಾಖಲೆ ಬರೆದ ಹಳೇ ಟ್ರ್ಯಾಕ್ಟ್ ಪುಸ್ತಕಗಳು ಇರೋದು ಈ ಕ್ರಮದಲ್ಲಿ. ವಿಳಾಸ ಹಿಡಿದು ಹೋದರೆ ಕರಾರು ಪತ್ರ ಯಾವತ್ತೂ ಸಿಗಲ್ಲ. ನೋಂದಣಿ ನೋಡಿಕೊಳ್ಳುತ್ತಿದ್ದ ರೆಕಾರ್ಡರ್ ಕಚೇರಿ 2020ರ ಕೊನೆಯಲ್ಲಿ ಕೌಂಟಿ ಕ್ಲರ್ಕ್ ಜೊತೆ ಸೇರಿಹೋಗಿದೆ, ಹಳೇ ಕೊಂಡಿಗಳು ಕೆಲಸ ಮಾಡಲ್ಲ.

ಆಮೇಲೆ ಸ್ಯಾನ್‌ಬಾರ್ನ್ ವಿಮಾ ನಕ್ಷೆ. ಗುಲಾಬಿ ಬಣ್ಣ ಇಟ್ಟಿಗೆ, ಹಳದಿ ಮರ, ನೀಲಿ ಕಲ್ಲು. ಒಳಗಿನ ಅಂಕಿ ಮಹಡಿ. ಮೋಸ ಹೋಗೋದು ಎಲ್ಲಿ ಅಂದರೆ, ಕಟ್ಟಡ ಬದಲಾದಾಗ ಹಳೇ ಹಾಳೆ ಮೇಲೆ ಚೀಟಿ ಅಂಟಿಸ್ತಿದ್ದರು. ಸಂಪುಟದ ಮೇಲಿನ ಇಸವಿ ಒಂದು, ನೀವು ನೋಡ್ತಿರೋ ಕಟ್ಟಡದ ಇಸವಿ ಇನ್ನೊಂದು.

ನಕ್ಷೆಗಿರಾಕಿ
ಅದಕ್ಕೆ ಇದನ್ನೂ ಸೇರಿಸ್ತೀನಿ: 1909ರಲ್ಲಿ ಡೌನ್‌ಟೌನ್ ಬಿಟ್ಟು ಊರಿಡೀ ಮನೆ ನಂಬರ್ ಬದಲಾಯಿತು. ದಕ್ಷಿಣದಲ್ಲಿ ಪೂರ್ವ-ಪಶ್ಚಿಮ ಬೀದಿಗಳಲ್ಲಿ ಹುಷಾರು, ಹೊಸ ಎಣಿಕೆ ಸ್ಟೇಟ್ ಬೀದಿಯಿಂದ ಶುರು. ಹೆಸರುಗಳೂ ಬದಲು: ಗ್ರ್ಯಾಂಡ್ ಬುಲೆವಾರ್ಡ್ ಸೌತ್ ಪಾರ್ಕ್‌ವೇ ಆಗಿ, 1968ರಲ್ಲಿ ಕಿಂಗ್ ಡ್ರೈವ್ ಆಯ್ತು. 39ನೇ ಬೀದಿ ಪರ್ಶಿಂಗ್. ಹಳೇ ಡೈರೆಕ್ಟರಿಯಲ್ಲಿ ಹುಡುಕುವಾಗ ಯಾವ ವರ್ಷದ ಹೆಸರು ಅಂತ ನೋಡಿಕೊಳ್ಳಿ.

ಮುಂಗಾರುಮಳೆ_ಅಲ್ಲ
ಅಲ್ಲಿ ಯಾರಿದ್ದರು ಅನ್ನೋದು?

ಹಳೇಪೇಪರ್
1950ರ ಜನಗಣತಿಯ ಹಾಳೆಗಳು 2022ರ ಏಪ್ರಿಲ್‌ನಿಂದ ತೆರೆದಿವೆ. ಹೆಸರು ಹಾಕಿ ಹುಡುಕಬೇಡಿ, ಕೈಬರಹ ಯಂತ್ರಕ್ಕೆ ತಪ್ಪುತ್ತೆ. ಬೀದಿಯಿಂದ ಗಣತಿ ಜಿಲ್ಲೆಯ ನಂಬರ್ ಹಿಡಿದು ಹಾಳೆ ತಿರುವಿ. ಎಡ ಅಂಚಿನಲ್ಲಿ ಬೀದಿ, ಮನೆ ನಂಬರ್. ಒಂದೇ ನಂಬರಿನ ಎದುರು ಸಾಲು ಸಾಲು ಸಂಸಾರ ಬಂದರೆ ಅದು ಕಿಚನೆಟ್ ಅಂತ ತಿಳೀರಿ. ಫೋಟೋ, ಪತ್ರ, ಅಂಗಡಿ ಬಿಲ್ಲು ಬೇಕಾದರೆ ವುಡ್‌ಸನ್ ಪ್ರಾದೇಶಿಕ ಗ್ರಂಥಾಲಯದ ವಿವಿಯನ್ ಹಾರ್ಷ್ ಸಂಗ್ರಹ. ಅದು ಹುಟ್ಟಿದ್ದು ಬ್ರಾಂಜ್‌ವಿಲ್‌ನಲ್ಲೇ, 1932ರಲ್ಲಿ ತೆರೆದ ಹಾಲ್ ಶಾಖೆಯಲ್ಲಿ. ಹೋಗೋ ಮುಂಚೆ ಯಾವ ಪೆಟ್ಟಿಗೆ ಬೇಕು ಅಂತ ಬರೆದು ತಿಳಿಸಿ.

ಲಿಫ್ಟ್‌ಕೀಲಿ
ಟೇಲರ್ ನೆಲದ ಸೈಟು ಹುಡುಕೋರಿಗೆ ಒಂದು ಮಾತು. ಅಲ್ಲಿ ಹಳೇ ಲಾಟುಗಳನ್ನೆಲ್ಲ ಸೇರಿಸಿ ದೊಡ್ಡ ಬ್ಲಾಕ್ ಮಾಡಿದ್ದರು, ಈಗ ಹೊಸ ಮನೆಗಳಿಗೆ ಮತ್ತೆ ಒಡೆದಿದ್ದಾರೆ. ಇವತ್ತಿನ ಪಿನ್ ಹಿಡಿದರೆ 1960ರ ಹಿಂದಕ್ಕೆ ದಾರಿ ತಪ್ಪುತ್ತೆ. ಮೊದಲು ಹಳೇ ಪ್ಲ್ಯಾಟ್ (ಸೈಟು ವಿಂಗಡಿಸಿದ ನಕ್ಷೆ) ತೆಗೆದು ಲಾಟ್ ನಂಬರ್ ಗುರುತು ಹಾಕಿಕೊಳ್ಳಿ.